ಹನ್ನೊಂದು ತಿಂಗಳ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮುಂಬಯಿಗೆ ಬಂದವರಲ್ಲ. ಬಂದಿದ್ದರೆ, ಮನೆ ಬಾಡಿಗೆಗೆ ಕೊಟ್ಟು ನೋಡು ಎಂದು ಇನ್ನೊಂದನ್ನೂ ಸೇರಿಸುತ್ತಿದ್ದರು. ಮದುವೆಯನ್ನು ನನ್ನ ಅಪ್ಪ ಮಾಡಿ ನೋಡಿದರು. ಮನೆ ಕಟ್ಟುವ ಮಾತು ನಮ್ಮಂಥವರಿಗೆ ಈ ಊರಿನಲ್ಲಿ ಬರುವುದೇ ಇಲ್ಲ. ಉಳಿದದ್ದು ಮೂರನೆಯದು. ಅದನ್ನು ನಾನೂ ನನ್ನ ಗಂಡನೂ ಸೇರಿ ಸಾಕು ಸಾಕೆನಿಸುವಷ್ಟು ನೋಡಿದೆವು.

ಇವರು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಕೂರುತ್ತಿದ್ದರು ಅನ್ನುವುದು ಬರೀ ಮಾತಿಗೆ. ಒಂದು ಕಡೆ ಕೂತ ಜೀವವೇ ಅಲ್ಲ ಅದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅತ್ತೆ ಹೇಳುತ್ತಿದ್ದರು. ಗಲ್ಲಾದ ಎದುರು ಚಾ ಕುಡಿಯಲು ಬರುವ ಬ್ರೋಕರುಗಳ ಬಾಯಿಂದ ಎಲ್ಲೆಲ್ಲಿ ರೂಮು ಖಾಲಿಯಾಗಿದೆ, ಯಾರು ಊರಿಗೆ ಹೊರಟಿದ್ದಾರೆ ಎಂದು ಕೇಳಿ ಕೇಳಿ ಇವರಿಗೆ ರೂಮಿನ ಹುಚ್ಚು ಹಿಡಿಯಿತು. ಬೇರೆ ಗಂಡಸರು ಕುದುರೆ ನೋಡಲು ಹೋದರೆ ಇವರು ವಾರದ ರಜೆಯ ದಿನ ನನ್ನನ್ನೂ ಮಗಳನ್ನೂ ಲೋಕಲ್ ಹತ್ತಿಸಿ ರೂಮು ನೋಡಲು ಹೊರಡಿಸುತ್ತಿದ್ದರು. “ಬೇಗ ಹೊರಡು ಮಾರಾಯ್ತಿ, ಪಾರ್ಟಿ ಇನ್ನೊಬ್ಬನಿಗೆ ತೋರಿಸಿದ್ರೆ ಹೋಯ್ತು,” ಎಂದು ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಂಡೇ ಕೂಗುವುದು. ಒಲೆಯ ಮೇಲಿನ ಸಾರು ಅರ್ಧ ಕುದಿದಿರುತ್ತಿತ್ತು.

ರೂಮಿನ ಪರೀಕ್ಷೆ ನನ್ನ ಪಾಲಿಗೆ. ಬ್ರೋಕರನ ಜೊತೆ ಇವರು ಹೊರಗೆ ಮಾತಿಗೆ ನಿಂತರೆ ನಾನು ಒಳಗೆ ಹೋಗಿ ಮೋರಿಯ ಹತ್ತಿರ ಮೂಸಿ ನೋಡಬೇಕು, ಗೋಡೆಗೆ ಅಂಗೈ ಒತ್ತಿ ತೇವ ನೋಡಬೇಕು, ಮಾಡಿನ ತಗಡಿನಲ್ಲಿ ಆಕಾಶ ಎಲ್ಲಿ ಕಾಣುತ್ತದೆ ಎಂದು ಕತ್ತೆತ್ತಿ ಹುಡುಕಬೇಕು. ಎಲ್ಲಕ್ಕಿಂತ ಮುಖ್ಯ, ಗ್ಯಾಲರಿಯ ತುದಿಯಲ್ಲಿರುವ ನಳದ ಹತ್ತಿರ ಹೋಗಿ ಹೆಂಗಸರನ್ನು ಮಾತಾಡಿಸಬೇಕು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಅವರೂ ಕಾದೇ ಇರುತ್ತಿದ್ದರು. ನೀರು ಯಾವಾಗ ಬರುತ್ತದೆ, ಯಾವ ರೂಮಿನವನು ಕುಡಿಯುತ್ತಾನೆ, ಹಿಂದಿನವರು ಯಾಕೆ ಬಿಟ್ಟುಹೋದರು ಎಲ್ಲವೂ ಅಲ್ಲೇ ತಿಳಿಯುತ್ತಿತ್ತು. ನನ್ನ ಹರಕು ಹಿಂದಿ, ಮರಾಠಿ ಹಣ್ಣಾದದ್ದು ಇಂಥ ನಳಗಳ ಬುಡದಲ್ಲೇ.

ಆಗ ಚಾಳಿನ ರೂಮು ಕೊಳ್ಳುವುದೆಂದರೆ ಪಗಡಿ ಕೊಡುವುದು. ಒಳಗಿದ್ದವನಿಗೂ ಚಾಳಿನ ಧಣಿಗೂ ಒಂದು ದೊಡ್ಡ ಮೊತ್ತ ಒಮ್ಮೆ ಕೊಟ್ಟರೆ ಬಾಡಿಗೆಯ ರಸೀದಿ ನಮ್ಮ ಹೆಸರಿಗೆ ಆಗುತ್ತಿತ್ತು. ಆಮೇಲೆ ಧಣಿಗೆ ಕೊಡುವ ಬಾಡಿಗೆ ಪುಡಿಗಾಸು, ಸಾಯುವವರೆಗೆ ಯಾರೂ ಎಬ್ಬಿಸುವ ಹಾಗಿಲ್ಲ. ಹಾಗೆ ಹಿಡಿದ ರೂಮನ್ನು ಇನ್ನೊಬ್ಬರಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟು, ಬಂದದ್ದನ್ನು ಕೂಡಿಹಾಕಿ ಇನ್ನೊಂದು ರೂಮಿಗೆ ಪಗಡಿ ಕೊಡುವುದು ಇವರ ವಿದ್ಯೆ. ಮೊದಲನೆಯದು ವಡಾಲದಲ್ಲಿ. ಅದಕ್ಕೆ ನನ್ನ ಬಳೆಗಳು ಹೋದವು. ಹೋಗಲಿ, ಮನೆಯಾಯಿತಲ್ಲ ಎಂದುಕೊಂಡೆ. ನಾನೇ ಸುಣ್ಣ ಹೊಡೆದೆ, ಗೂಡು ಕೊರೆಸಿ ದೇವರನ್ನು ಇಟ್ಟೆ, ಕಿಟಕಿಗೆ ಹಳೆಯ ಸೀರೆಯ ಪರದೆ ಹೊಲಿದು ಕಟ್ಟಿದೆ. ಹೊಸ ಸುಣ್ಣದ ವಾಸನೆ ಹೋಗುವ ಮೊದಲೇ ಇವರು ಯಾರೋ ಬ್ಯಾಂಕಿನ ಗುಮಾಸ್ತನ ಸಂಸಾರವನ್ನು ಕರೆದುಕೊಂಡು ಬಂದರು.

“ನಾವು ಕೂತ ರೂಮು ಒಣಗಿದ ದನ ಮಾರಾಯ್ತಿ. ಬಾಡಿಗೆಗೆ ಕೊಟ್ಟದ್ದು ಹಾಲು ಕೊಡ್ತದೆ,” ಎಂದರು.

“ಹಾಗಾದರೆ ನಾವು ಎಲ್ಲಿ?”

“ವಿಕ್ರೋಳಿಯಲ್ಲಿ ಒಂದು ಉಂಟು. ಭಾರೀ ಗಾಳಿ.”

ಗಾಳಿ ನಿಜ. ಸ್ಟೇಶನ್ನಿನ ಆಚೆ ಗುಡ್ಡದ ಬುಡದ ಚಾಳು ಅದು. ಬೆಳಿಗ್ಗೆ ಕಂಪೆನಿಯ ಭೋಂಗಾ ಕೂಗಿದರೆ ಡಬ್ಬಿಯೊಳಗಿನ ಅಕ್ಕಿಯೂ ನಡುಗುತ್ತಿತ್ತು. ಅಲ್ಲಿಯೂ ಸುಣ್ಣ ಹೊಡೆದೆ. ಅಲ್ಲಿಂದಲೂ ಎದ್ದೆ. ಕುರ್ಲಾಕ್ಕೆ ಹೋದೆ, ಅಲ್ಲಿಗೆ ಹೋಟೆಲ್ ಹುಡುಗರ ಗುಂಪೊಂದು ಬಂದಿತೆಂದು ಅಲ್ಲಿಂದಲೂ ಎದ್ದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುವ ಹಾಗೆ ಇವರು ನಮ್ಮನ್ನು ತಿರುಗಿಸಿದರು. ಬೆಕ್ಕು ಮರಿಗಳ ಕ್ಷೇಮಕ್ಕೆ ತಿರುಗಿಸುತ್ತದೆ, ಅಷ್ಟೇ ವ್ಯತ್ಯಾಸ. ಮಗಳು ಶಾಲೆಯಿಂದ ಬಂದವಳು ಕಟ್ಟಿಟ್ಟ ಗಂಟುಗಳನ್ನು ನೋಡಿದರೆ ಅಳುತ್ತಲೂ ಇರಲಿಲ್ಲ. “ಅಮ್ಮಾ, ಅಬ್ ಯಾವ ಸ್ಟೇಶನ್?” ಎಂದು ಕೇಳುತ್ತಿದ್ದಳು.

ನನಗೆ ಬಂಗಲೆ ಬೇಕಿರಲಿಲ್ಲ. ಏಳು ಎಂದು ಯಾರೂ ಹೇಳದ ಒಂದು ಮನೆ ಬೇಕಾಗಿತ್ತು. ಇವರಿಗೆ ಹೇಳಿದರೆ ನಕ್ಕುಬಿಡುತ್ತಿದ್ದರು. ಮೂರು ರೂಮಿನ ಯಜಮಾನಿ ನೀನು, ಭಿಕಾರಿಯ ಹಾಗೆ ಮಾತಾಡಬೇಡ ಎನ್ನುತ್ತಿದ್ದರು. ಮೂರು ರೂಮು ಇದ್ದವಳಿಗೆ ಉಪ್ಪಿನಕಾಯಿ ಭರಣಿ ಇಡಲು ಒಂದು ಕಾಯಂ ಮೂಲೆ ಇರಲಿಲ್ಲ. ಯಾವುದೋ ಮನೆಯಲ್ಲಿ ಹಾಕಿದ ಮಾವಿನ ಮಿಡಿಯನ್ನು ಇನ್ಯಾವುದೋ ಮನೆಯಲ್ಲಿ ತಿನ್ನುತ್ತಿದ್ದೆವು.

ಇನ್ನು ಹನ್ನೊಂದು ತಿಂಗಳ ಕಥೆ. ಒಬ್ಬನನ್ನೇ ವರ್ಷ ತುಂಬುವವರೆಗೆ ಇರಗೊಟ್ಟರೆ ಅವನಿಗೆ ಹಕ್ಕು ಬಂದುಬಿಡುತ್ತದೆ, ಆಮೇಲೆ ಬ್ರಹ್ಮ ಬಂದರೂ ಏಳುವುದಿಲ್ಲ ಎಂದು ಈ ಊರಿನ ಎಲ್ಲ ರೂಮು ಮಾಲೀಕರ ಭಯ. ಅದಕ್ಕೆ ಕಾಗದ ಮಾಡಿಸುವುದು ಹನ್ನೊಂದು ತಿಂಗಳಿಗೆ. ಅವಧಿ ಮುಗಿದ ಕೂಡಲೇ ಬಾಡಿಗೆಯವರು ಪಾತ್ರೆ ಪಡಗ ಸಮೇತ ಹೊರಗೆ ಬರಬೇಕು. ಎರಡು ದಿನ ಮಾಲೀಕ ಒಳಗೆ ವಾಸ ಮಾಡಬೇಕು. ನಾಲ್ಕು ಜನ ನೋಡುವ ಹಾಗೆ ಒಲೆ ಹಚ್ಚಬೇಕು, ನಳಕ್ಕೆ ಹೋಗಬೇಕು, ಬಟ್ಟೆ ಒಣಹಾಕಬೇಕು. ಆಮೇಲೆ ಹೊಸ ಕಾಗದ, ಅದೇ ಬಾಡಿಗೆಯವರು ಮತ್ತೆ ಒಳಗೆ. ಇದಕ್ಕೆ ಕಬ್ಜಾಕ್ಕೆ ಕೂರುವುದು ಎಂದು ಹೆಸರು. ಇವರು ಗಲ್ಲಾ ಬಿಟ್ಟು ಬರುವ ಹಾಗಿಲ್ಲ. ಕೂರುವವಳು ನಾನು.

ಸ್ಟೌ, ಹಾಸಿಗೆಯ ಸುರುಳಿ, ಮಗಳು. ಇಷ್ಟು ಕಟ್ಟಿಕೊಂಡು ಹೊರಡುತ್ತಿದ್ದೆ. ವಡಾಲದ ಗುಮಾಸ್ತನ ಹೆಂಡತಿ ಆ ಎರಡು ದಿನ ತಂಗಿಯ ಮನೆಗೆ ಹೋಗುತ್ತಿದ್ದಳು, ಹೋಗುವಾಗ ಮುಖ ಊದಿಸಿಕೊಂಡಿರುತ್ತಿದ್ದಳು. ನಾನು ಹೊಡೆದ ಸುಣ್ಣದ ಮೇಲೆ ಅವಳ ಕ್ಯಾಲೆಂಡರು, ನನ್ನ ದೇವರ ಗೂಡಿನಲ್ಲಿ ಅವಳ ಬಾಚಣಿಗೆ. ನನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ ಕೂತು ಅನ್ನ ಬೇಯಿಸುತ್ತಿದ್ದೆ. ರೈಲು ಹೋದಾಗಲೆಲ್ಲ ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಯಾಕೆಂದು ನನಗೇ ತಿಳಿಯದು.

ವಿಕ್ರೋಳಿಯ ರೂಮಿನಲ್ಲಿ ವಿಜಾಪುರದ ಕಡೆಯ ಗಂಡ ಹೆಂಡತಿ ಇದ್ದರು. ಗಂಡ ಬಿಲ್ಡಿಂಗ್ ಕೆಲಸದಲ್ಲಿ ಗೌಂಡಿ. ಹೆಂಡತಿ ಅದೇ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ನನಗಿಂತ ಚಿಕ್ಕವಳು, ದನಿ ಮಾತ್ರ ನನ್ನ ಎರಡರಷ್ಟು. ಅವರಿಗೆ ಈ ಊರಿನಲ್ಲಿ ಹೋಗಲು ತಂಗಿಯ ಮನೆ ಇರಲಿಲ್ಲ. ಮೊದಲ ಸಲ ನಾನು ಕಬ್ಜಾಕ್ಕೆ ಹೋದಾಗ ಅವಳು ಪಾತ್ರೆಗಳನ್ನೆಲ್ಲ ಒಂದು ಸೀರೆಯಲ್ಲಿ ಗಂಟು ಕಟ್ಟಿ ಗ್ಯಾಲರಿಯಲ್ಲಿ ಇಟ್ಟುಕೊಂಡು ಅದಕ್ಕೆ ಒರಗಿ ಕೂತಿದ್ದಳು.

“ನೀವ್ ಒಳಗಿರ್ರಿ ಅಕ್ಕಾರ, ನಾ ಇಲ್ಲೇ ಕುಂದರ್ತೀನಿ,” ಎಂದಳು.

ನಾನು ಒಳಗೆ ಹೋಗಿ ಸ್ಟೌ ಹಚ್ಚಿದೆ. ಬಾಗಿಲು ತೆರೆದೇ ಇತ್ತು. ನಾನು ಒಳಗೆ ಒಗ್ಗರಣೆ ಹಾಕುವುದನ್ನು ಅವಳು ಹೊರಗಿನಿಂದ ನೋಡುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ ಅಲ್ಲಿಂದಲೇ ಕೂಗಿ ಕೇಳಿದಳು:

“ಅಲ್ರೀ ಅಕ್ಕಾರ, ನಿಮ್ಮ ಯಜಮಾನ್ರ ಲೆಕ್ಕ ನನಗ ತಿಳೀವಲ್ದು. ನಾ ಎರಡ ದಿನಾ ಹೊರಗ ಕುಂತ್ರ ಖೋಲಿ ಅವರದಾಗ್ತೈತಿ, ಒಳಗ ಕುಂತ್ರ ನನ್ನದಾಗಿಬಿಡ್ತೈತಿ?”

ನನಗೆ ತಡೆಯಲಾರದಷ್ಟು ನಗು ಬಂತು. ಬಾ ಒಳಗೆ ಎಂದು ಕರೆದೆ. ಕಾನೂನಿಗೆ ಬೇಕಾದದ್ದು ನಾನು ಒಳಗಿರುವುದು, ಅವಳೂ ಒಳಗಿದ್ದಾಳೆಂದು ಯಾರು ಬಂದು ನೋಡುತ್ತಾರೆ? ಅವಳು ರೊಟ್ಟಿ ಬಡಿದಳು, ನಾನು ಬಸಳೆ ಸೊಪ್ಪಿನ ಹುಳಿ ಮಾಡಿದೆ. ಇದೇನ್ರೀ ಲೋಳಿ ಲೋಳಿ ಎಂದು ಮುಖ ಹಿಂಡಿದಳು, ಎರಡನೆಯ ಸಲ ಹಾಕಿಸಿಕೊಂಡಳು. ಅವಳ ಗಂಡ ಕೆಲಸದಿಂದ ಬಂದವನು ಬಾಗಿಲ ಹೊರಗೇ ನಿಂತು, ಗ್ಯಾಲರಿಯಲ್ಲಿ ಚಾದರ ಹಾಸಿಕೊಂಡ. ಒಳಗೆ ನಾನು, ಮಗಳು, ಅವಳು ಸಾಲಾಗಿ ಮಲಗಿದೆವು. ಎರಡು ದಿನ ಮುಗಿದು ನಾನು ಹೊರಟಾಗ, “ಈ ಸಲ ಎರಡ ದಿನಾ ಆತು, ಮುಂದಿನ ಸಲ ನಾಕ ದಿನಾ ಬರ್ರಿ,” ಎಂದಳು. ಇಡೀ ಮುಂಬಯಿಯಲ್ಲಿ ನನಗೆ ಇರು ಎಂದು ಹೇಳಿದವಳು ಅವಳೊಬ್ಬಳೇ. ಅವಳು ಹೇಳಿದ್ದು ನಮ್ಮದೇ ರೂಮಿನಲ್ಲಿ ಅನ್ನುವುದು ಬೇರೆ ವಿಷಯ.

ಮೂರು ರೂಮೂ ಹಾಲು ಕೊಡುತ್ತಿದ್ದ ಆ ಕಾಲದಲ್ಲಿ ನಾವು ಇದ್ದುದು ಸಯನ್ನಿನ ಒಂದು ಸೊಸಾಯಿಟಿ ಬಿಲ್ಡಿಂಗಿನಲ್ಲಿ, ಇನ್ನೊಬ್ಬರ ಫ್ಲಾಟಿನಲ್ಲಿ, ಹನ್ನೊಂದು ತಿಂಗಳ ಕಾಗದದ ಮೇಲೆ. ಹೌದು, ನಾವೂ ಬಾಡಿಗೆಯವರೇ. ಫ್ಲಾಟಿನ ಒಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಮದುವೆಯಾಗದ ಹೆಂಗಸು. ಹುಬ್ಬಳ್ಳಿಯ ಕಡೆಯ ಮನೆತನವಾದರೂ ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಅರ್ಥವಾಗುತ್ತಿತ್ತು, ಆಡುವಾಗ ಮರಾಠಿ ನುಗ್ಗುತ್ತಿತ್ತು. ಬಿಲ್ಡಿಂಗಿನವರೆಲ್ಲ ಅವರನ್ನು ಟೆಲಿಫೋನ್ ಬಾಯಿ ಎನ್ನುತ್ತಿದ್ದರು. ಸಂಬಳದಲ್ಲಿ ಉಳಿಸಿ ಉಳಿಸಿ ಫ್ಲಾಟು ಮಾಡಿಕೊಂಡಿದ್ದರು. ಕೈಗೆ ಬೀಗದ ಕೈ ಬಂದ ಕೂಡಲೇ ಪುಣೆಗೆ ವರ್ಗವಾಯಿತು. ಇವರು ಹೇಗೋ ಸುದ್ದಿ ಹಿಡಿದು ಕಾಗದ ಮಾಡಿಸಿದರು.

ಆ ಮನೆಯಲ್ಲಿ ಅಡುಗೆಮನೆಗೆ ಒಂದು ಕಿಟಕಿ ಇತ್ತು. ನಳ ಮನೆಯೊಳಗೇ ಇತ್ತು. ಬೆಳಿಗ್ಗೆ ಎದ್ದು ಯಾರ ಹಿಂದೆಯೂ ಕೊಡ ಹಿಡಿದು ನಿಲ್ಲದೆ ನಳ ತಿರುಗಿಸಿದ ಮೊದಲ ದಿನ ನಾನು ನೀರನ್ನು ಸುಮ್ಮನೆ ಸ್ವಲ್ಪ ಹೊತ್ತು ಹರಿಯಬಿಟ್ಟೆ. ಇವರು ಬೈದರು. ಬೈಯಲಿ. ವರ್ಷಕ್ಕೊಮ್ಮೆ ಬಾಯಿ ಪುಣೆಯಿಂದ ಒಂದು ಕೈಚೀಲ ಹಿಡಿದು ಕಬ್ಜಾಕ್ಕೆ ಬರುತ್ತಿದ್ದರು. ನಾವು ಯಾರಾದರೂ ಪರಿಚಯದವರಲ್ಲಿ ತಲೆ ಮರೆಸಿಕೊಂಡು ಬರುತ್ತಿದ್ದೆವು. ನಾವು ವಾಪಸು ಬಂದಾಗ ಮನೆ ಗುಡಿಸಿ, ನನ್ನ ಪಾತ್ರೆಗಳನ್ನು ಬೆಳಗಿ ಮಗುಚಿಟ್ಟಿರುತ್ತಿದ್ದರು. “ವಹಿನಿ, ಕಿಟಕೀಲಿ ತುಳಸಿ ಛಾನ್ ಬಂದಿದೆ,” ಎಂದು ಅತ್ತಿಗೆಗೆ ಹೇಳುವ ಹಾಗೆ ಹೇಳಿ ಹೋಗುತ್ತಿದ್ದರು. ನನಗೆ ಆ ಮನೆ ಬಿಡುವ ಮನಸ್ಸಿಲ್ಲ ಎಂದು ಅವರಿಗೆ ತಿಳಿಯಬಾರದೆಂದು ನಾನು ಬೇರೆ ಕಡೆ ನೋಡುತ್ತಿದ್ದೆ.

ಹೀಗಿರುವಾಗ ಗಲ್ಲಾದ ಎದುರು ಹೊಸ ಸುದ್ದಿ ಹುಟ್ಟಿತು. ಕಾನೂನು ಬದಲಾಗುತ್ತದಂತೆ. ಗೊತ್ತುಮಾಡಿದ ಒಂದು ದಿನ ಯಾರು ಯಾವ ಮನೆಯಲ್ಲಿ ಕಾಗದದ ಮೇಲೆ ಕೂತಿರುತ್ತಾರೋ ಅವರೇ ಅಲ್ಲಿಯ ಕಾಯಂ ಬಾಡಿಗೆದಾರರಂತೆ, ಎಬ್ಬಿಸುವ ಹಾಗೇ ಇಲ್ಲವಂತೆ. ಆ ದಿನಗಳಲ್ಲಿ ಮಾಲೀಕರಾದವರು ಯಾರೂ ಹೊಟ್ಟೆತುಂಬ ಉಣ್ಣಲಿಲ್ಲ. ಊರೆಲ್ಲ ಬೀಗಗಳ ಸದ್ದು. ಇವರು ಮೊಸರನ್ನಕ್ಕೆ ಕೈ ಹಾಕಿದವರು ಹಾಗೇ ಎದ್ದು ವಡಾಲಕ್ಕೆ ಓಡಿದರು. ಗುಮಾಸ್ತ ಒಳಗಿನಿಂದ ಅಗುಳಿ ಹಾಕಿಕೊಂಡು, ಕಾಗದ ಇನ್ನೂ ಮುಗಿದಿಲ್ಲ ಎಂದ. ಕುರ್ಲಾದ ಹೋಟೆಲ್ ಹುಡುಗರು ನಕ್ಕು ಚಾ ತರಿಸಿಕೊಟ್ಟರು, ಏಳಲಿಲ್ಲ. ಉಳಿದದ್ದು ವಿಕ್ರೋಳಿ. ಅಲ್ಲಿ ಹನ್ನೊಂದು ತಿಂಗಳು ಆಗತಾನೇ ಮುಗಿದಿತ್ತು.

“ನೀನು ಯಾವಾಗಿನ ಹಾಗೆ ಹೋಗಿ ಕೂತುಕೋ,” ಎಂದರು. ಮುಖ ನೋಡಿ ಹೇಳಲಿಲ್ಲ. ಆಗ ನನಗೆ ಅದು ಹೊಳೆಯಲಿಲ್ಲ.

ನಾನು ಬಸಳೆ ಕಟ್ಟಿಕೊಂಡೇ ಹೋದೆ. ಗೌಂಡಿಯ ಹೆಂಡತಿ ಯಾವಾಗಿನ ಹಾಗೆ ಪಾತ್ರೆ ಗಂಟು ಕಟ್ಟಿ ಹೊರಗಿಟ್ಟು, ತಾನು ಒಳಗೆ ಬಂದು ರೊಟ್ಟಿಗೆ ಕೂತಳು. ಮರುದಿನ ಮಧ್ಯಾಹ್ನ ಇವರು ಒಂದು ದೊಡ್ಡ ಹೊಸ ಬೀಗ ಹಿಡಿದು ಬಂದರು. ನನಗೆ ಹೊರಡು ಎಂದರು. ನಾನು ಮಗಳ ಕೈ ಹಿಡಿದು ಹೊರಗೆ ಬಂದೆ, ಹಿಂದೆಯೇ ಗೌಂಡಿಯ ಹೆಂಡತಿಯೂ ಬಂದಳು. ಇವರು ಬಾಗಿಲೆಳೆದು ಬೀಗ ಹಾಕಿದರು.

“ಎರಡ ದಿನಾ ಅಂದಿದ್ರಲ್ರೀ?” ಎಂದು ಅವಳು ಕೇಳಿದಳು. ಕೇಳಿದ್ದು ಇವರನ್ನು, ನೋಡಿದ್ದು ನನ್ನನ್ನು.

ಗ್ಯಾಲರಿಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಇವರಿಗೆ ಜನ ಸೇರಿದರೆ ಆಗುವುದಿಲ್ಲ. “ಸ್ವಲ್ಪ ದಿನ ಅಷ್ಟೇ. ಕಾನೂನಿನ ಗಲಾಟೆ ಉಂಟು. ಮತ್ತೆ ಹೇಳಿ ಕಳಿಸ್ತೇನೆ,” ಎಂದು ಮೆಟ್ಟಿಲಿಳಿದುಬಿಟ್ಟರು.

ರೈಲಿನಲ್ಲಿ ನಾನು ಜಗಳವಾಡಿದೆ. ಲೋಕಲ್‌ನ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ನನ್ನನ್ನು ಬೀಗದ ಹಾಗೆ ಬಳಸಿದಿರಿ ಎಂದೆ. ಮೊದಲೇ ಹೇಳಿದ್ದರೆ ನೀನು ಹೋಗುತ್ತಿದ್ದೆಯಾ ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಘಾಟ್ಕೋಪರ್ ಬಂತು, ಹೋಯಿತು. ಆ ಬೀಗದ ಕೈಯನ್ನು ಇವರು ಜನಿವಾರಕ್ಕೆ ಕಟ್ಟಿಕೊಂಡರು. ವಾರ ಕಳೆದು ನಾನೊಬ್ಬಳೇ ವಿಕ್ರೋಳಿಗೆ ಹೋಗಿ ಆ ಗಂಡ ಹೆಂಡತಿ ಕೆಲಸ ಮಾಡುತ್ತಿದ್ದ ಬಿಲ್ಡಿಂಗನ್ನು ಹುಡುಕಿದೆ. ಅದು ಮುಗಿದು ಬಣ್ಣ ಬಳಿಯುತ್ತಿದ್ದರು. ಗೌಂಡಿಗಳೆಲ್ಲ ಬೇರೆ ಕಡೆಗೆ ಹೋದರು, ಎಲ್ಲಿಗೋ ಗೊತ್ತಿಲ್ಲ ಎಂದ ವಾಚ್‌ಮನ್.

ಕಾನೂನು ಬಂದೇ ಬಂತು. ವಡಾಲ ಹೋಯಿತು, ಕುರ್ಲಾ ಹೋಯಿತು. ಎರಡು ರೂಮು ಇವರ ಹೆಸರಿನಲ್ಲಿದ್ದೂ ಇವರದಲ್ಲದೆ ಹೋದವು. ವಿಕ್ರೋಳಿಯನ್ನು ಬೀಗ ಹಾಕಿ ಖಾಲಿ ಇಟ್ಟರು. ಇನ್ನು ದೇವರಿಗೂ ಬಾಡಿಗೆಗೆ ಕೊಡುವುದಿಲ್ಲ ಎಂದು ಶಪಥ ಮಾಡಿದರು. ಒಂದು ವಾರ ತಲೆಯ ಮೇಲೆ ಕೈ ಹೊತ್ತು ಕೂತವರು ಎಂಟನೆಯ ದಿನ ಇದ್ದಕ್ಕಿದ್ದಂತೆ ನಗುತ್ತ ಬಂದರು. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ.

“ಎಂತ ಯೋಚನೆ ಮಾಡ್ತಿದ್ದಿ? ಎರಡು ಹೋಯ್ತು, ಒಂದು ಬಂತಲ್ಲ! ಈ ಮನೆಯಲ್ಲಿ ನಾವೂ ಕಾಗದದ ಮೇಲೆ ಕೂತವರೇ. ಸಯನ್ನಿನ ಫ್ಲಾಟು! ಇನ್ನು ಆ ಬಾಯಿ ಎಂತ ಮಾಡ್ಲಿಕ್ಕೂ ಆಗುದಿಲ್ಲ.”

ನಾನು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ನನ್ನ ಎದೆ ಸಂತೋಷದಿಂದ ಹೊಡೆದುಕೊಂಡಿತು. ಯಾರೂ ಏಳು ಎನ್ನದ ಮನೆ! ಉಪ್ಪಿನಕಾಯಿ ಭರಣಿಯನ್ನು ಎಲ್ಲಿಡಬೇಕೆಂದು ಆ ಕ್ಷಣದಲ್ಲೇ ಯೋಚಿಸಿದೆ. ಮೈಸೂರುಪಾಕನ್ನೂ ತಿಂದೆ.

ಬೇಸಿಗೆಯಲ್ಲಿ ಟೆಲಿಫೋನ್ ಬಾಯಿ ಬಂದರು. ಈ ಸಲ ಕೈಚೀಲವಲ್ಲ, ಟ್ರಂಕು. ಪುಣೆಯಿಂದ ವಾಪಸು ವರ್ಗವಾಗಿತ್ತು. ಟ್ರಂಕನ್ನು ದಾದರಿನ ಗೆಳತಿಯ ಮನೆಯಲ್ಲಿಟ್ಟು ನೇರ ಇಲ್ಲಿಗೆ ಬಂದಿದ್ದರು. ಇವರು ಕುರ್ಚಿ ಕೊಟ್ಟು, ಚಾ ಕೊಡಿಸಿ, ಬಹಳ ಮರ್ಯಾದೆಯಿಂದ ಕಾನೂನು ವಿವರಿಸಿದರು. ಬಾಯಿ ಪೂರ್ತಿ ಕೇಳಿದರು. ದಿನವಿಡೀ ಪರರ ಮಾತನ್ನು ಜೋಡಿಸಿಕೊಡುವ ಹೆಂಗಸು, ನಡುವೆ ಬಾಯಿ ಹಾಕಿ ಅಭ್ಯಾಸವಿಲ್ಲ.

“ಮ್ಹಣಜೆ... ಅಂದರೆ ಇದು ನನ್ನ ಮನೆ, ಪಣ್ ನಾನು ಬರೋ ಹಾಗಿಲ್ಲ?” ಎಂದು ಕೇಳಿದರು.

“ಕಾನೂನು ಬಾಯಿ. ನಾನು ಮಾಡಿದ್ದಲ್ಲ,” ಎಂದರು ಇವರು.

ಬಾಯಿ ಎದ್ದು ನೀರು ಕುಡಿಯಲು ಅಡುಗೆಮನೆಗೆ ಬಂದರು. ನಾನು ಲೋಟ ಕೊಡುವ ಮೊದಲೇ ಅವರ ಕೈ ಎತ್ತರದ ಶೆಲ್ಫಿಗೆ ಹೋಯಿತು. ಅವರು ಎತ್ತರದ ಹೆಂಗಸು, ಶೆಲ್ಫನ್ನು ತಮ್ಮ ಕೈಗೆ ಸರಿಯಾಗಿ ಮಾಡಿಸಿಕೊಂಡಿದ್ದರು. ನಾನು ಇಷ್ಟು ವರ್ಷ ಸ್ಟೂಲು ಹಾಕಿಕೊಂಡು ಹತ್ತುತ್ತಿದ್ದೆ. ಅಲ್ಲಿ ನನ್ನ ಉಪ್ಪಿನಕಾಯಿ ಭರಣಿ ಸಿಕ್ಕಿತು. ಅವರು ಅದನ್ನು ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡು, “ಸಾರಿ ವಹಿನಿ,” ಎಂದರು. ತಮ್ಮ ಮನೆಯಲ್ಲಿ ತಮ್ಮ ಶೆಲ್ಫು ಮುಟ್ಟಿದ್ದಕ್ಕೆ ನನ್ನ ಹತ್ತಿರ ಕ್ಷಮೆ ಕೇಳಿದರು.

ಆಮೇಲೆ ಆ ಮನೆಯಲ್ಲಿ ನನಗೆ ಅನ್ನ ಸೇರಲಿಲ್ಲ. ನಳ ತಿರುಗಿಸಿದರೂ ಕಿರಿಕಿರಿ, ಕಿಟಕಿಯ ಹತ್ತಿರ ನಿಂತರೂ ಕಿರಿಕಿರಿ. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದರೆ ಬಾಯಿ ಬಂದರೋ ಎಂದು ಜೀವ ಹಾರುತ್ತಿತ್ತು. ಕೊಟ್ಟುಬಿಡುವಾ, ವಿಕ್ರೋಳಿಗೆ ಹೋಗುವಾ ಎಂದೆ. ಇವರು ಜನಿವಾರದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡು, “ತಲೆ ಸರಿ ಉಂಟಾ ನಿಂಗೆ? ಲಾಟರಿ ಹೊಡೆದದ್ದನ್ನು ಯಾರಾದರೂ ವಾಪಸ್ ಕೊಡ್ತಾರಾ?” ಎಂದರು. ಹೇಳಿ ನೋಡಿದೆ, ಅತ್ತು ನೋಡಿದೆ, ಊಟ ಬಿಟ್ಟೆ. ಇವರು ಹೋಟೆಲಿನಲ್ಲಿ ಉಂಡರು.

ಒಂದು ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ಸ್ಟೌ, ಹಾಸಿಗೆ, ದೇವರು, ಭರಣಿ ಎಲ್ಲ ಕಟ್ಟಿದೆ. ಇಷ್ಟು ವರ್ಷ ಇವರೇ ಕೊಟ್ಟ ಅಭ್ಯಾಸ, ಬಹಳ ಹೊತ್ತು ಹಿಡಿಯಲಿಲ್ಲ. ಮಗಳ ಕೈ ಹಿಡಿದು ದಾದರಿಗೆ, ಬಾಯಿಯ ಗೆಳತಿಯ ಮನೆಗೆ ಹೋಗಿ ಫ್ಲಾಟಿನ ಬೀಗದ ಕೈಯನ್ನು ಬಾಯಿಯ ಕೈಗೆ ಇಟ್ಟೆ. ಅವರು ತುಂಬ ಹೊತ್ತು ನನ್ನ ಕೈ ಬಿಡಲಿಲ್ಲ. “ಪಣ್ ವಹಿನಿ, ನೀವು?” ಎಂದರು. ನಮಗೆ ನಮ್ಮದೇ ಉಂಟು ಎಂದೆ. ವಿಕ್ರೋಳಿಯಲ್ಲಿ ಸ್ಟೇಶನ್ನಿನ ಹೊರಗೆ ಕೂರುವ ಚಾವಿವಾಲಾನನ್ನು ಕರೆದೊಯ್ದು ಇವರ ದೊಡ್ಡ ಬೀಗವನ್ನು ತೆಗೆಸಿದೆ. ಬಾಗಿಲಿಗೆ ನನ್ನದೊಂದು ಬೀಗ ಕೊಂಡೆ. ಅದರ ಕೈಯನ್ನು ಕರಿಮಣಿಗೆ ಕಟ್ಟಿಕೊಂಡೆ.

ಮಧ್ಯಾಹ್ನ ಗಿರಾಕಿ ಇಳಿದ ಮೇಲೆ ಇವರು ಮಲಗಲು ಸಯನ್ನಿಗೆ ಹೋದರಂತೆ. ಬಾಗಿಲು ತೆರೆದದ್ದು ಟೆಲಿಫೋನ್ ಬಾಯಿ. ಅಲ್ಲಿಂದ ವಿಕ್ರೋಳಿಗೆ ಯಾವ ಲೋಕಲ್ ಹಿಡಿದರೋ, ಅಂಗಿಯೆಲ್ಲ ಬೆವರಾಗಿ ಗ್ಯಾಲರಿಯಲ್ಲಿ ಪ್ರತ್ಯಕ್ಷರಾದರು. ಚಾಳಿನವರಿಗೆ ತಮಾಷೆ, ಬಾಗಿಲುಗಳೆಲ್ಲ ತೆರೆದವು.

“ಏಳು! ಹೊರಡು ಈಗಲೇ!” ಎಂದರು.

“ಏಳುವುದಿಲ್ಲ,” ಎಂದೆ.

“ನಾನು ಪಗಡಿ ಕೊಟ್ಟ ರೂಮು ಇದು!”

“ಹೌದು. ನಾನು ಒಳಗೆ ಕೂತಿದ್ದೇನೆ, ಒಲೆ ಹಚ್ಚಿದ್ದೇನೆ, ನಾಲ್ಕು ಜನ ನೋಡಿದ್ದಾರೆ. ಕಬ್ಜಾ ನನ್ನದು. ನಿಮಗೆ ಎಬ್ಬಿಸಬೇಕು ಅಂತಿದ್ದರೆ ಕೋರ್ಟಿಗೆ ಹೋಗಿ.”

ಸೌಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಮದುವೆಯಾದಾಗಿನಿಂದ ನಾನು ಇವರಿಗೆ ಇಲ್ಲ ಎಂದದ್ದು ಅದೇ ಮೊದಲು. ಇವರು ಹೊಸ್ತಿಲಿನ ಹೊರಗೆ ನಿಂತು ಜನಿವಾರದ ಬೀಗದ ಕೈಯನ್ನು ತಡಕಿದರು. ಆಚೆ ರೂಮಿನ ಮುದುಕಿ ಕಿಸಕ್ಕೆಂದು ನಕ್ಕಳು. ಕೊನೆ ಕೊನೆಗೆ ಇವರು ಚಪ್ಪಲಿ ಬಿಟ್ಟು, “ಚಾ ಆದರೂ ಉಂಟಾ?” ಎಂದು ಒಳಗೆ ಬಂದರು. ನಾನು ಕೊಟ್ಟೆ. ಅವರೂ ಅಲ್ಲೇ ಉಳಿದರು, ಇನ್ನೆಲ್ಲಿ ಹೋಗುತ್ತಾರೆ? ರಜೆಯ ದಿನ ಈಗಲೂ ರೂಮು ನೋಡಲು ಹೋಗುತ್ತಿದ್ದರು, ಒಬ್ಬರೇ.

ಮನೆ ಸಿಕ್ಕಿತು. ಸುಣ್ಣ ಹೊಡೆದೆ, ಗೂಡು ಮಾಡಿಸಿದೆ. ನೆಮ್ಮದಿ ಬರಬೇಕಿತ್ತಲ್ಲ, ಬರಲಿಲ್ಲ. ಸುಣ್ಣ ಎಷ್ಟು ಬಳಿದರೂ ಒಲೆಯ ಮೂಲೆಯಲ್ಲಿ ಗೌಂಡಿಯ ಹೆಂಡತಿಯ ರೊಟ್ಟಿಯ ಹೊಗೆಯ ಕಲೆ ಹಳದಿಯಾಗಿ ಎದ್ದು ಕಾಣುತ್ತಿತ್ತು. ಗ್ಯಾಲರಿಯಲ್ಲಿ ಬಳೆ ಸದ್ದಾದರೆ ಒಗ್ಗರಣೆ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಇವರ ಕಾಲಿನ ಚಕ್ರ ನನ್ನ ಕಾಲಿಗೆ ಬಂದಂತಾಗಿತ್ತು, ಆದರೆ ನಾನು ಸುತ್ತುವುದು ಆ ಒಂದೇ ಕೋಣೆಯೊಳಗೆ.

ಮಳೆಗಾಲ ಮುಗಿದು ಬಿಸಿಲು ಬಂದ ಒಂದು ದಿನ ನಾನು ಹಪ್ಪಳ ಒಣಹಾಕಿ ಬಾಗಿಲಲ್ಲಿ ಕೂತಿದ್ದೆ. ಮೆಟ್ಟಿಲ ಕಡೆಯಿಂದ ಆ ದೊಡ್ಡ ದನಿ ಕೇಳಿತು, “ಅಕ್ಕಾರ!”

ಅವಳೇ. ಬಿಸಿಲಿಗೆ ಕಪ್ಪಾಗಿದ್ದಳು, ಬಡವಾಗಿದ್ದಳು. ತಲೆಯ ಮೇಲೆ ಅದೇ ಸೀರೆಯಲ್ಲಿ ಕಟ್ಟಿದ ಪಾತ್ರೆಯ ಗಂಟು. ಬಗ್ಗಿ ನೋಡಿದರೆ ಕೆಳಗೆ ಅಂಗಳದಲ್ಲಿ ಅವಳ ಗಂಡ ಟ್ರಂಕಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಗಂಟನ್ನು ಗ್ಯಾಲರಿಯಲ್ಲಿ ಇಳಿಸಿ, ಅದಕ್ಕೆ ಒರಗಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಮುಲುಂಡಿನ ಕಡೆ ತಗಡಿನ ಜೋಪಡಿಯಲ್ಲಿ ಇದ್ದೆವು, ಮಳೆಯಲ್ಲಿ ಅದೂ ಹೋಯಿತು ಎಂದಳು. ಮಾಲಕೀಣಬಾಯಿ ಬಂದು ಕೂತಿದ್ದಾಳೆ ಎಂದು ಬಜಾರದಲ್ಲಿ ಈ ಚಾಳಿನ ಹೆಂಗಸೊಬ್ಬಳು ಹೇಳಿದಳಂತೆ. ಕೇಳಿದ ಕೂಡಲೇ ಸಾಮಾನು ಕಟ್ಟಿದರಂತೆ.

“ಯಜಮಾನ್ರು ಹೇಳಿ ಕಳಿಸ್ತೀನಿ ಅಂದಿದ್ರು, ಮರತಿರ್ಬೇಕು ಪಾಪ,” ಎಂದಳು. ಆಮೇಲೆ ನಗುತ್ತ ಕೇಳಿದಳು: “ಈ ಸಲ ಎಷ್ಟ ದಿನಾ ಕುಂದರ್ತೀರಿ ಅಕ್ಕಾರ? ಎರಡಾ, ನಾಕಾ?”

ಬಾ ಒಳಗೆ ಎನ್ನಲು ಬಾಯಿ ತೆರೆದೆ. ಒಳಗೆ ನನ್ನ ದೇವರ ಗೂಡು, ಮಗಳ ಪುಸ್ತಕ, ಇವರ ಮಂಚ. ಎರಡು ದಿನಕ್ಕಾದರೆ ಎಲ್ಲರೂ ಹಿಡಿಯುವ ಕೋಣೆ ಅದು. ಎರಡೇ ದಿನ ಎಂದು ಸುಳ್ಳು ಹೇಳಿ ಅವಳನ್ನು ಮತ್ತೆ ಆ ಗಂಟಿಗೆ ಒರಗಿಸಿ ಕೂರಿಸಲು ನನ್ನಿಂದ ಆಗಲಿಲ್ಲ.

“ಈ ಸಲ ದಿನದ ಲೆಕ್ಕ ಇಲ್ಲ. ಇನ್ನು ನಾನೇ ಇರುವುದು,” ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ನನ್ನ ಭುಜದ ಮೇಲಿನಿಂದ ಒಳಗೆ ನೋಡಿದಳು, ಗೂಡನ್ನು, ಹೊಸ ಸುಣ್ಣವನ್ನು, ಮೂಲೆಯ ಭರಣಿಯನ್ನು.

“ಹೌದ್ರೀ?” ಎಂದಳು. ಗಂಟಿನ ಬಿಗಿ ನೋಡಿಕೊಂಡು, “ಛಲೋ ಆತ್ ಬಿಡ್ರಿ. ನಿಮಗೂ ಒಂದ ಮನಿ ಬೇಕಲ್ರೀ,” ಎಂದಳು.

ಚಾ ಮಾಡಲು ಎದ್ದೆ, ಬೇಡವೆಂದಳು, ಕೆಳಗೆ ಗಂಡ ಕಾಯುತ್ತಾನೆ. ಒಂದು ಲೋಟ ನೀರು ಕುಡಿದಳು. ಗಂಟನ್ನು ಒಬ್ಬಳೇ ಎತ್ತಲು ನೋಡಿದಳು. ಅದು ಒಬ್ಬರ ಕೈಯಲ್ಲಿ ತಲೆಗೇರುವ ಭಾರವಾಗಿರಲಿಲ್ಲ. ನಾನು ಬಗ್ಗಿ ಇನ್ನೊಂದು ಕಡೆ ಹಿಡಿದು ಅವಳ ತಲೆಯ ಮೇಲೆ ಎತ್ತಿ ಇಟ್ಟೆ.